ಹೋರಿಗೆ ತಯಾರಿ ಉಂಟು, ಹಿಡಿಯುವವರಿಗೆ?

ದೀಪಾವಳಿ ಕಳೆಯಿತೆಂದರೆ ಸೊರಬ, ಶಿಕಾರಿಪುರ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ. ಕುಪ್ಪಗಡ್ಡೆಯ ಕಡೆಯ ಓದುಗರಿಗೆ ಅದನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗುತ್ತದೆ. ಯುವಕರು ಬೆನ್ನಟ್ಟಿ ಕೊಬ್ಬರಿ ಹರಿಯಲು ನೋಡುತ್ತಾರೆ. ಈ ಹೋರಿಯನ್ನು ಮನೆಯವರು ಹಿಂಡಿ, ಹುರುಳಿ ತಿನ್ನಿಸಿ, ಕೆರೆಯಲ್ಲಿ ಈಜಿಸಿ, ಓಡಿಸಿ ತಿಂಗಳುಗಟ್ಟಲೆ ಹುರಿಗೊಳಿಸಿರುತ್ತಾರೆ.

ಅದನ್ನು ಹಿಡಿಯಲು ಹೋಗುವ ಹುಡುಗನ ಸಂಗತಿ ಬೇರೆ. ಒಂದು ತಾಸು ಬೇಲಿಗೆ ಒರಗಿ ನಿಂತಿದ್ದವನು ಹೋರಿ ಬಂತೆಂದ ಕೂಡಲೇ ಜಿಗಿಯುತ್ತಾನೆ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ತೊಡೆಯ ಹಿಂದೆ ಚಟ್ಟೆಂದಂತಾಗಿ ಕುಸಿದು ಕೂರುತ್ತಾನೆ. ಕೊಂಬಿನ ತಿವಿತ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಇದು ಆಗುವುದಿಲ್ಲ. ಆದರೆ ಭತ್ತದ ಕೊಯ್ಲು ಎದುರಿಗಿರುವಾಗ ಮನೆಯ ದುಡಿಯುವ ಆಳು ಮೂರು ನಾಲ್ಕು ವಾರ ಕುಂಟಿದರೆ ಅದು ಸಣ್ಣ ನಷ್ಟವಲ್ಲ.

"ನಮ್ಮ ಹುಡುಗ ಗಟ್ಟಿಮುಟ್ಟು, ಭತ್ತದ ಚೀಲ ಒಬ್ಬನೇ ಹೊರುತ್ತಾನೆ. ಅವನಿಗೆ ಹೀಗೇಕಾಯಿತು?" ಎಂದು ತಾಯಂದಿರು ಕೇಳುವುದುಂಟು. ಕೇಳುವುದು ಸರಿಯೇ. ದೈಹಿಕ ಸಾಮರ್ಥ್ಯವೆಂದರೆ ಒಂದೇ ಗುಣವಲ್ಲ, ಹಲವು ಗುಣಗಳ ಗುಂಪು. ಚೀಲ ಎತ್ತುವುದು ಸ್ನಾಯುಗಳ ಬಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡುವುದು ಸ್ನಾಯುಗಳ ತಾಳಿಕೆ. ಇದರಲ್ಲಿ ಗಂಡಸರಿಗಿಂತ ನಮ್ಮ ಹೆಣ್ಣುಮಕ್ಕಳೇ ಮುಂದು. ಏದುಸಿರು ಬಿಡದೆ ಬಹಳ ದೂರ ನಡೆಯುವುದು, ಓಡುವುದು ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆ. ಕೀಲುಗಳು ಸಲೀಸಾಗಿ ಪೂರ್ತಿ ಬಾಗುವುದು ನಮ್ಯತೆ. ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದು ಐದನೆಯದು. ಆರೋಗ್ಯದ ಮಟ್ಟಿಗೆ ಈ ಐದು ಮುಖ್ಯ. ಆಟಕ್ಕೆ ಇಳಿಯುವವರಿಗೆ ಇನ್ನಷ್ಟು ಬೇಕು: ವೇಗ, ಥಟ್ಟನೆ ದಿಕ್ಕು ಬದಲಿಸುವ ಚುರುಕು, ಸಮತೋಲನ, ಕಣ್ಣು ಕೈಗಳ ಹೊಂದಾಣಿಕೆ, ಕ್ಷಣಾರ್ಧದಲ್ಲಿ ಬಲವನ್ನೆಲ್ಲ ಹೊರಹಾಕುವ ಶಕ್ತಿ, ಕಂಡ ಕೂಡಲೇ ಪ್ರತಿಕ್ರಿಯಿಸುವ ವೇಗ. ಹೋರಿಯ ಮುಂದೆ ಬೇಕಾಗುವುದು ಈ ಎರಡನೆಯ ಗುಂಪು. ಚೀಲ ಹೊರುವುದರಿಂದ ಅದು ಬಾರದು. (ಕುಡಿದು ಇಳಿಯುವವರು ಇದ್ದುದನ್ನೂ ಕಳೆದುಕೊಂಡೇ ಇಳಿಯುತ್ತಾರೆ.)

ಈ ಗುಣಗಳೆಲ್ಲ ಇದ್ದರೂ ಮೈ ತಣ್ಣಗಿದ್ದರೆ ಕೆಲಸಕ್ಕೆ ಬರುವುದಿಲ್ಲ. ಸುಮ್ಮನೆ ನಿಂತಾಗ ಹೃದಯ ಹೊರದೂಡುವ ರಕ್ತದಲ್ಲಿ ಸ್ನಾಯುಗಳಿಗೆ ಸಿಗುವುದು ಸುಮಾರು ಐದನೆಯ ಒಂದು ಪಾಲು. ಜೋರಾಗಿ ಓಡುವಾಗ ಅದು ಐದರಲ್ಲಿ ನಾಲ್ಕು ಪಾಲಿನಷ್ಟಾಗುತ್ತದೆ. ಈ ಬದಲಾವಣೆಗೆ ಕೆಲವು ನಿಮಿಷ ಹಿಡಿಯುತ್ತದೆ. ಬೆಚ್ಚಗಾದ ಸ್ನಾಯು ಬೇಗ ಕುಗ್ಗುತ್ತದೆ, ಹೆಚ್ಚು ಹಿಗ್ಗಿಸಿಕೊಳ್ಳುತ್ತದೆ. ವಾರ್ಮ್ ಅಪ್ ಎನ್ನುವುದು ಇದಕ್ಕೇ. ಗರಡಿಮನೆಯ ಪೈಲ್ವಾನರು ಕುಸ್ತಿಗೆ ಮುಂಚೆ ಬಸ್ಕಿ, ದಂಡ ಹೊಡೆಯುವುದರಲ್ಲಿ ಈ ಜಾಣತನವೂ ಇದೆ.

ಹತ್ತರಿಂದ ಹದಿನೈದು ನಿಮಿಷ ಸಾಕು. ಮೊದಲು ಬಿರುಸು ನಡಿಗೆ, ಆಮೇಲೆ ನಿಧಾನ ಓಟ, ಮೈ ಸ್ವಲ್ಪ ಬೆವರುವವರೆಗೆ. ಮುಂದೆ ಕೈಗಳನ್ನು ಭುಜದಿಂದ ತಿರುಗಿಸಿ. ಕಾಲನ್ನು ಹಿಂದೆ ಮುಂದೆ ಬೀಸಿ. ಮೊಣಕಾಲು ಎತ್ತಿ ಹೆಜ್ಜೆ ಹಾಕಿ. ಹತ್ತಾರು ಬಸ್ಕಿ ತೆಗೆಯಿರಿ. ಕೊನೆಗೆ ಆಡಲಿರುವ ಆಟದ ಚಲನೆಯನ್ನೇ ಮೆಲ್ಲಗೆ ಆರಂಭಿಸಿ, ಎರಡು ಮೂರು ಸಣ್ಣ ಓಟಗಳಲ್ಲಿ ವೇಗ ಏರಿಸಿ. ಅನೇಕರು ಬಂದವರೇ ಬಗ್ಗಿ ಕಾಲ್ಬೆರಳು ಹಿಡಿದು ನಿಮಿಷಗಟ್ಟಲೆ ಜಗ್ಗುತ್ತಾರೆ. ಅದರಿಂದ ಮೈ ಬಿಸಿಯಾಗದು. ಅಷ್ಟು ಹೊತ್ತು ಜಗ್ಗಿದರೆ ಓಟದ ಜೋರು ತುಸು ತಗ್ಗುತ್ತದೆ. ಅಂಥ ಜಗ್ಗಾಟ ಆಟ ಮುಗಿದ ಮೇಲಿರಲಿ. ಬಿಸಿಯಾದ ಮೇಲೆ ಮತ್ತೆ ಅರ್ಧ ತಾಸು ನಿಂತರೆ ಮಾಡಿದ್ದು ವ್ಯರ್ಥ, ಆಗಾಗ ಕಾಲಾಡಿಸುತ್ತಿರಿ. ಇಷ್ಟೆಲ್ಲ ಮಾಡಿದರೂ ಕೊಂಬಿನಿಂದ ರಕ್ಷಣೆಯಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ.

ಮಲೆನಾಡಿನ ಚಳಿಗಾಲದ ಮುಂಜಾವಿನಲ್ಲಿ ವಾಕಿಂಗ್ ಹೋಗುವ ಹಿರಿಯರೂ ಮೊದಲ ಐದು ನಿಮಿಷ ನಿಧಾನವಾಗಿಯೇ ನಡೆಯಲಿ. ಎದೆಯಲ್ಲಿ ಒತ್ತಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. "ಗ್ಯಾಸ್ ಇರಬೇಕು" ಎಂದು ಮುಂದೆ ನಡೆಯುವುದು ಬೇಡ.

ಸ್ನಾಯು ಹರಿದಂತೆ ಅನ್ನಿಸಿದರೆ ಏನು ಮಾಡಬೇಕು? ಆಟ ಅಲ್ಲಿಗೇ ಬಿಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಿ, ದಿನಕ್ಕೆ ನಾಲ್ಕಾರು ಸಲ. ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ನಮ್ಮಲ್ಲಿ ಕೂಡಲೇ ಎಣ್ಣೆ ಹಚ್ಚಿ ತಿಕ್ಕಿಸಿ ಬಿಸಿನೀರು ಹಾಕುವ ರೂಢಿಯಿದೆ. ಮೊದಲ ಎರಡು ಮೂರು ದಿನ ಅದು ಬೇಡ, ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಕಾಲೂರಲು ಆಗದಿದ್ದರೆ, ತೊಡೆಯಲ್ಲಿ ಗುಳಿ ಬಿದ್ದಂತಿದ್ದರೆ, ನೀಲಿಗಟ್ಟುವುದು ಹರಡಿದರೆ ಆಸ್ಪತ್ರೆಗೆ ಹೋಗಿ. ನೋವಿಲ್ಲದೆ ಬಿರುಸಾಗಿ ನಡೆಯುವಂತಾದ ಮೇಲೆ ನಿಧಾನ ಓಟ, ಅದೂ ಸಲೀಸಾದ ಮೇಲಷ್ಟೇ ವೇಗ. ಅಷ್ಟರಲ್ಲಿ ಪಕ್ಕದೂರಿನ ಹೋರಿ ಹಬ್ಬ ಬಂದರೆ ಈ ಸಲ ಬೇಲಿಯ ಆಚೆ ನಿಂತು ನೋಡಲಿ.