ಸೆಷನ್ ಮುಗಿದ ಮೇಲಷ್ಟೇ ಅದು ನಮ್ಮ ದುಡ್ಡು

2019ರ ಜನವರಿ. ಮಲ್ಲೇಶ್ವರದ ಜಿಮ್ ಒಂದರಲ್ಲಿ ನಾನು ಪರ್ಸನಲ್ ಟ್ರೈನರ್. ಹೊಸ ವರ್ಷದ ಹುರುಪಿನಲ್ಲಿ ಆ ತಿಂಗಳು 14 ಮಂದಿ ನನ್ನ ಬಳಿ ಸೇರಿದರು. 12 ಸೆಷನ್‌ಗೆ 9,600 ರೂಪಾಯಿ, ಮುಂಗಡ. ಅರ್ಧ ಜಿಮ್‌ಗೆ, ಅರ್ಧ ನನಗೆ. ಕೈಗೆ ಬಂದ 67,200 ರೂಪಾಯಿಯೇ ಇನ್ನು ನನ್ನ ತಿಂಗಳ ಸಂಬಳ ಎಂದುಕೊಂಡು ಕಂತಿನ ಮೇಲೆ ಬೈಕ್ ತೆಗೆದುಕೊಂಡೆ. ಸೇರಿದವರಿಗೆ ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಆಮೇಲೆ ಮದುವೆ, ಊರ ಜಾತ್ರೆ. ಏಪ್ರಿಲ್‌ನಲ್ಲಿ ಮತ್ತೆ ಹಣ ಕಟ್ಟಿದವರು ಐದೇ ಮಂದಿ. ಬಂದದ್ದು 24,000. ಬಾಡಿಗೆ, ಕಂತು ಕಟ್ಟಿ ಊರಿಗೆ ಕಳಿಸುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

ಈ ಕೆಲಸದ ಲೆಕ್ಕ ನನಗೆ ಅರ್ಥವಾದದ್ದು ಆಗ. ಜನ ಬರುವುದು ಬೆಳಿಗ್ಗೆ ಆರರಿಂದ ಹತ್ತು, ಸಂಜೆ ಆರರಿಂದ ಒಂಬತ್ತು. ಎಷ್ಟೇ ದುಡಿದರೂ ದಿನಕ್ಕೆ ಏಳು ಸೆಷನ್. ಆ ಏಳು ಗಂಟೆ ತುಂಬಿಸಲು ತಿಂಗಳು ತಿಂಗಳೂ ಹೊಸಬರನ್ನು ಹುಡುಕುತ್ತಾ ಹೋದರೆ ಬದುಕು ನೆಲೆ ನಿಲ್ಲುವುದಿಲ್ಲ. ಹಳಬರು ಉಳಿಯಬೇಕು.

ಅವರು ಏಕೆ ಉಳಿಯುತ್ತಾರೆ ಎಂಬುದನ್ನು ಕಲಿಸಿದವರು 61 ವರ್ಷದ ನಿವೃತ್ತ ಶಿಕ್ಷಕಿ. ಮಂಡಿನೋವು, ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತಿರಲಿಲ್ಲ. ಡಾಕ್ಟರ ಒಪ್ಪಿಗೆ ಪಡೆದು, ಕುರ್ಚಿಯ ಮೇಲೆ ಎರಡು ದಿಂಬಿಟ್ಟು ಎತ್ತರ ಮಾಡಿ, ಕೂತು ಏಳುವುದನ್ನು ಶುರು ಮಾಡಿಸಿದೆ. ಎಷ್ಟು ಸಲ ಎದ್ದರು, ಯಾವ ಮಂಡಿ ನೋಯಿತು, ರಾತ್ರಿ ನಿದ್ದೆ ಬಂತೇ, ಎಲ್ಲವನ್ನೂ 200 ಪುಟದ ನೋಟ್‌ಬುಕ್‌ನಲ್ಲಿ ಬರೆದೆ. ಮೂರನೇ ವಾರ ಒಂದು ದಿಂಬು ತೆಗೆದೆ, ಏಳನೇ ವಾರ ಇನ್ನೊಂದು. "ನೋಡಪ್ಪಾ, ಇವತ್ತು ಕೈ ಊರಲಿಲ್ಲ" ಎಂದು ಅವರು ಎದ್ದು ನಿಂತರು. ಅದನ್ನೂ ಬರೆದುಕೊಂಡೆ. ಮುಂದೆ ತಂಗಿಯನ್ನೂ ಪಕ್ಕದ ಮನೆಯವರನ್ನೂ ಅವರೇ ಕರೆತಂದರು. ಯಾವ ಜಾಹೀರಾತೂ ನನಗೆ ಅಷ್ಟು ಸಂಪಾದಿಸಿ ಕೊಟ್ಟಿಲ್ಲ.

ಹಣದ ಶಿಸ್ತೂ ಅದೇ ನೋಟ್‌ಬುಕ್‌ನಿಂದ ಬಂತು. ಮುಂಗಡವನ್ನೆಲ್ಲ ಬೇರೆ ಖಾತೆಯಲ್ಲಿಟ್ಟೆ. ಸೆಷನ್ ಮುಗಿದು ನೋಟ್‌ಬುಕ್‌ನಲ್ಲಿ ಕಲಿಯುವವರ ಸಹಿ ಬಿದ್ದ ಮೇಲಷ್ಟೇ ಅದರಲ್ಲಿ 400 ರೂಪಾಯಿ ನನ್ನದು. ವಾರಕ್ಕೊಮ್ಮೆ ಸಹಿ ಎಣಿಸಿ ಅಷ್ಟನ್ನೇ ತೆಗೆಯುತ್ತಿದ್ದೆ. ಅದರಲ್ಲೂ ಹತ್ತರಲ್ಲಿ ಮೂರು ಪಾಲು ಉಳಿತಾಯಕ್ಕೆ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಜಿಮ್ ತೆರೆಯಲು ಕೇಂದ್ರದ ಅನುಮತಿ ಸಿಕ್ಕಿದ್ದು ಆಗಸ್ಟ್ 5ರಿಂದ. ಜಿಮ್‌ನಿಂದ ನನಗೆ ಬರಬೇಕಿದ್ದ ಬಾಕಿ ಪಾಲು ಬರಲೇ ಇಲ್ಲ. ಆ ನಾಲ್ಕು ತಿಂಗಳು ನನ್ನನ್ನು ಸಾಕಿದ್ದು ಆ ಉಳಿತಾಯ, ಮತ್ತು ಮೊಬೈಲ್ ವಿಡಿಯೊದಲ್ಲಿ ಕಲಿಯಲು ಒಪ್ಪಿದ ಆರು ಮಂದಿ ಹಳಬರು.

ನಮ್ಮ ಕಸುಬಿಗೆ ಮೈಯೇ ಬಂಡವಾಳ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದವರೆಗೆ ಅಪಘಾತ ವಿಮೆ ಸಿಗುತ್ತದೆ, ಮಾಡಿಸಿ. ಆದರೆ ಅದು ಸಾವಿಗೆ, ಶಾಶ್ವತ ಅಂಗವೈಕಲ್ಯಕ್ಕೆ. ಭುಜ ಉಳುಕಿ ಎರಡು ತಿಂಗಳು ಮನೆಯಲ್ಲಿ ಕೂತರೆ ಅಕ್ಕಿ ಬೇಳೆಗೆ ಒದಗುವುದಿಲ್ಲ. ಅದಕ್ಕೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ, ಆರೋಗ್ಯ ವಿಮೆ ಬೇರೆ ಇರಲಿ.

ಈ ಕೆಲಸಕ್ಕೆ ಬರುವ ತಮ್ಮ ತಂಗಿಯರಿಗೆ ನನ್ನದೊಂದು ಮಾತು: ಸರ್ಟಿಫಿಕೇಟ್ ಪಡೆಯಿರಿ, ಅಂಗರಚನೆ ಓದಿ. ಜೊತೆಗೆ ಒಂದು ನೋಟ್‌ಬುಕ್ ಕೊಳ್ಳಿ. ಎರಡನೇ ಸಲ ಹಣ ಕಟ್ಟಿದವರು ಎಷ್ಟು ಮಂದಿ ಎಂದು ಪ್ರತಿ ತಿಂಗಳ ಕೊನೆಗೆ ಅದರಲ್ಲಿ ಬರೆದಿಡಿ.