ಶೇಷಾದ್ರಿ ಅಯ್ಯರರ ವಿದ್ಯುತ್ ನೀತಿ: ಪರೀಕ್ಷಾ ಟಿಪ್ಪಣಿ

ತೊಣ್ಣೂರಿನ ಕೆರೆಯ ಏರಿಯ ಮೇಲೆ ನಿಂತು, ಜಲಸಂಗ್ರಹವೆಂದರೆ ಬೇಸಾಯಕ್ಕೆ ಮಾತ್ರವೆಂದು ಭಾವಿಸುವ ವಿದ್ಯಾರ್ಥಿಯು, ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಕಲ್ಲಿದ್ದಲಿನ ಹೊಗೆಯಿಲ್ಲದೆ ಕಾವೇರಿಯ ಧುಮುಕನ್ನೇ ವಿದ್ಯುಚ್ಛಕ್ತಿಯಾಗಿಸುವ ಯೋಜನೆಗೆ ಅಸ್ತಿಭಾರವನ್ನಿಟ್ಟ ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರರನ್ನು (ಅಧಿಕಾರಾವಧಿ 1883–1901) ಮೊದಲು ಸ್ಮರಿಸತಕ್ಕದ್ದು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. 1901ರಲ್ಲಿಯೇ ಕಾಲವಶರಾದ ಆ ಮಹನೀಯರು ಇವೆರಡನ್ನೂ ಕಾಣಲಿಲ್ಲವೆಂಬುದು ನನಗೆ ಇಂದಿಗೂ ವ್ಯಥೆಯ ಸಂಗತಿ. ಬೇಸಗೆಯಲ್ಲಿ ಹೊಳೆ ಸೊರಗಿದರೆ ಉತ್ಪಾದನೆಯೂ ಸೊರಗುವುದರಿಂದ, ಶಿವನಸಮುದ್ರಕ್ಕೆ ನಿರಂತರ ಪ್ರವಾಹವನ್ನು ಒದಗಿಸುವುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಯಿತು. ಮುಖ್ಯ ಎಂಜಿನಿಯರರಾಗಿ ಅದನ್ನು ರೂಪಿಸಿದ ವಿಶ್ವೇಶ್ವರಯ್ಯನವರು, 1912ರಿಂದ 1918ರವರೆಗೆ ದಿವಾನರಾಗಿ ಆ ಕಾರ್ಯವನ್ನು ಮುನ್ನಡೆಸಿದರು.