ನ್ಯಾಯಯುದ್ಧವೂ ನಿರಪರಾಧಿಯ ಪ್ರಾಣವೂ

ಅನ್ಯಾಯವನ್ನು ತಡೆಯಲು ಆಯುಧವನ್ನು ಹಿಡಿಯಬಹುದೇ? ಹಿಡಿದ ಮೇಲೆ ಅದಕ್ಕೆ ಮಿತಿಯುಂಟೇ? ಪಾಶ್ಚಾತ್ಯರಲ್ಲಿ ಅಗಸ್ಟೀನ್, ಥಾಮಸ್ ಅಕ್ವಿನಾಸ್ ಮೊದಲಾದವರಿಂದ ಬೆಳೆದುಬಂದ ನ್ಯಾಯಯುದ್ಧ ವಿಚಾರವು ಈ ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸುತ್ತದೆ. ಯುದ್ಧದ ಕಾರಣವು ನ್ಯಾಯವಾದ ಮಾತ್ರಕ್ಕೆ ಅದನ್ನು ನಡೆಸುವ ರೀತಿಯೂ ನ್ಯಾಯವಾಗುವುದಿಲ್ಲ.

ಭಯೋತ್ಪಾದಕನ ವಿಷಯದಲ್ಲಿ ನಿರ್ಣಯವು ಸುಲಭ. 2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಸುಮಾರು 3,000 ಜನರನ್ನು ಕೊಂದವರು ನಿರಾಯುಧರ ಮರಣವನ್ನೇ ಸಾಧನವಾಗಿ ಮಾಡಿಕೊಂಡರು. ಅವರ ದೂರು ಏನೇ ಇರಲಿ, ಈ ಕೃತ್ಯಕ್ಕೆ ಸಮರ್ಥನೆಯಿಲ್ಲ. ಮರುದಿನವೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ರಾಷ್ಟ್ರಗಳ ಆತ್ಮರಕ್ಷಣೆಯ ಹಕ್ಕನ್ನು ಎತ್ತಿ ಹೇಳಿತು. ಅಕ್ಟೋಬರ್ 7ರಂದು ಆಫ್ಘಾನಿಸ್ತಾನದಲ್ಲಿ ಆರಂಭವಾದ ಅಮೆರಿಕದ ಯುದ್ಧವು 2021ರ ಆಗಸ್ಟ್‌ವರೆಗೆ ನಡೆಯಿತು.

ಆದರೆ ಶತ್ರುವು ಸಮವಸ್ತ್ರವಿಲ್ಲದೆ ಜನರ ನಡುವೆ ಅಡಗಿರುವಾಗ ಅವನನ್ನು ಗುರುತಿಸುವ ಬಗೆ ಹೇಗೆ? ಇಲ್ಲಿಯೇ ಕಷ್ಟವಿರುವುದು. ಆ ಯುದ್ಧದ ಕೊನೆಯ ದಿನಗಳಲ್ಲಿ, ಆಗಸ್ಟ್ 26ರಂದು, ಕಾಬೂಲಿನ ವಿಮಾನ ನಿಲ್ದಾಣದ ಬಳಿ ಆತ್ಮಾಹುತಿ ಸ್ಫೋಟದಿಂದ 13 ಮಂದಿ ಅಮೆರಿಕದ ಯೋಧರೂ ನೂರಕ್ಕೂ ಮಿಕ್ಕಿ ಆಫ್ಘನ್ನರೂ ಮೃತರಾದರು. ಮತ್ತೊಂದು ದಾಳಿಯಾದೀತೆಂಬ ಭಯವು ನಿರಾಧಾರವಾಗಿರಲಿಲ್ಲ. ಮೂರು ದಿನಗಳ ಬಳಿಕ ಅಮೆರಿಕದ ಡ್ರೋನ್ ವಿಮಾನವು ಒಂದು ಬಿಳಿಯ ಕಾರನ್ನು ಸಂಶಯದಿಂದ ಹಲವು ಗಂಟೆಗಳ ಕಾಲ ಹಿಂಬಾಲಿಸಿ ಹೊಡೆಯಿತು. ಸತ್ತವರು 10 ಮಂದಿ ನಾಗರಿಕರು. ಅವರಲ್ಲಿ 7 ಮಂದಿ ಮಕ್ಕಳು. ಕಾರಿನಲ್ಲಿದ್ದವನು ಪರಿಹಾರ ಸಂಸ್ಥೆಯೊಂದರ ನೌಕರನು. ಸೆಪ್ಟೆಂಬರ್ 17ರಂದು ಸೇನೆಯು ತನ್ನ ತಪ್ಪನ್ನು ಒಪ್ಪಿಕೊಂಡಿತು. ಯಾರನ್ನೂ ದಂಡಿಸುವುದಿಲ್ಲವೆಂದು ಡಿಸೆಂಬರಿನಲ್ಲಿ ತಿಳಿಸಿತು.

‘ನಿರಪರಾಧಿಗಳನ್ನು ಕೊಲ್ಲುವ ಉದ್ದೇಶವಿರಲಿಲ್ಲ, ಆದುದರಿಂದ ದೋಷವಿಲ್ಲ’ ಎಂದು ಕೆಲವರು ಹೇಳಬಹುದು. ಉದ್ದೇಶದ ಭೇದವು ಅಲ್ಪವಾದುದಲ್ಲ; ಅದಿಲ್ಲದಿದ್ದರೆ ಸೈನಿಕನಿಗೂ ಭಯೋತ್ಪಾದಕನಿಗೂ ಅಂತರವೇ ಉಳಿಯದು. ಆದರೆ ಮೈಕೆಲ್ ವಾಲ್ಜರ್ ಎಂಬ ಚಿಂತಕರು 1977ರಲ್ಲಿ ವಾದಿಸಿದಂತೆ, ಕೊಲ್ಲಬೇಕೆಂಬ ಇಚ್ಛೆ ಇಲ್ಲದಿದ್ದರೆ ಸಾಲದು. ಕೊಲ್ಲಬಾರದೆಂಬ ಪ್ರಯತ್ನವೂ ಇರಬೇಕು. ಅದಕ್ಕಾಗಿ ಸೈನಿಕನು ಅಪಾಯದ ಒಂದು ಪಾಲನ್ನು ತಾನೇ ಹೊರಬೇಕು. ಅದೇ ವರ್ಷದ ಜಿನೀವಾ ಪೂರಕ ಒಪ್ಪಂದವು, ಸಂಶಯವಿದ್ದಲ್ಲಿ ಮನುಷ್ಯನನ್ನು ನಾಗರಿಕನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಅಮೆರಿಕವು ಅದನ್ನು ಅನುಮೋದಿಸಿಲ್ಲ. ಆದರೂ ಆ ವಿಧಿಯ ಹಿಂದಿರುವ ವಿವೇಕವು ಯಾರ ಅನುಮೋದನೆಯನ್ನೂ ಕಾಯುವುದಿಲ್ಲ. ದೂರದಲ್ಲಿ ಕುಳಿತು ಗುಂಡಿ ಒತ್ತುವವನಿಗೆ ತನ್ನ ಪ್ರಾಣದ ಭಯವಿಲ್ಲ. ಆದುದರಿಂದಲೇ ಅವನ ಎಚ್ಚರಿಕೆಯ ಹೊಣೆಯು ಹೆಚ್ಚಿನದು.

ಈ ವಿಚಾರವು ದೂರದೇಶದ್ದೆಂದು ನಾವು ಸುಮ್ಮನಿರುವಂತಿಲ್ಲ. ‘ಇಷ್ಟು ಮಂದಿ ಉಗ್ರರು ಹತರಾದರು’ ಎಂಬ ವಾರ್ತೆಯನ್ನು ಓದಿದಾಗಲೆಲ್ಲ, ಅವರನ್ನು ಉಗ್ರರೆಂದು ನಿಶ್ಚಯಿಸಿದವರಾರು, ಯಾವ ಆಧಾರದಿಂದ ನಿಶ್ಚಯಿಸಿದರು ಎಂದು ಸದ್ಗೃಹಸ್ಥರು ವಿಚಾರಿಸಬೇಕು. ಹೀಗೆ ಕೇಳುವುದು ಶತ್ರುಪಕ್ಷಪಾತವಲ್ಲ. ನಮ್ಮ ಹೆಸರಿನಲ್ಲಿ ಹೋರಾಡುವವರು ನ್ಯಾಯದೊಳಗೆ ನಿಲ್ಲುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕರ್ತವ್ಯವಾಗಿದೆ.